ಮೊದಲು ಇಳಿಯೋದು ಕಲಿ: ಅಡಿಕೆ ಮರದ ತುದಿಯಲ್ಲೊಂದು ಭಯದ ಪಾಠ

ಕೊಪ್ಪದಿಂದ ಹರಿಹರಪುರದ ಕಡೆಗೆ ಹೊರಟ ಬಸ್ಸಿನಿಂದ ನಡುದಾರಿಯಲ್ಲೇ ಇಳಿದೆ. ಕಾರ್ತೀಕದ ಬೆಳಗು. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಕಣಿವೆ, ಕಣಿವೆಯ ತುಂಬ ಅಡಿಕೆ ತೋಟ. ಮಂಜು ಮರಗಳ ಸೊಂಟದ ಮಟ್ಟಕ್ಕೆ ನಿಂತಿತ್ತು, ತಲೆಗಳಷ್ಟೇ ಬಿಸಿಲಿಗೆ ಬಂದಿದ್ದವು. ಒಳಗೆಲ್ಲೋ ಹಾಳೆ ಬಿದ್ದ ಸದ್ದಾಯಿತು, ಅದರ ಬೆನ್ನಿಗೇ ಒಂದು ಕೂಗು. ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವ ಕೆಲಸ ಆಗಲೇ ಶುರುವಾಗಿತ್ತು.

ತೋಟಕ್ಕಿಳಿಯಲು ಹಳ್ಳ ದಾಟಬೇಕು. ಎರಡು ಅಡಿಕೆ ಮರ ಅಡ್ಡ ಹಾಕಿ, ಮೇಲೆ ದಬ್ಬೆ ಬಡಿದು, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟಿದ ಸಂಕ. ಮಲೆನಾಡಿನ ಮಕ್ಕಳಿಗೆ ಎತ್ತರದ ಮೊದಲ ಪರೀಕ್ಷೆ ನಡೆಯುವುದು ಇಂಥ ಸಂಕದ ಮೇಲೆಯೇ. ನನಗೂ ಆದದ್ದು ಹಾಗೆಯೇ. ಒಂದು ಆಷಾಢದಲ್ಲಿ ಕೆಂಪು ನೀರು ದಬ್ಬೆಗೆ ತಾಗುವಂತೆ ಹರಿಯುತ್ತಿದ್ದಾಗ ನಡುಸಂಕದಲ್ಲಿ ನಿಂತುಬಿಟ್ಟಿದ್ದೆ. ಹಿಂದಿನ ದಿನವಷ್ಟೇ ಓಡಿ ದಾಟಿದ್ದ ಸಂಕ ಅದು. ಆ ದಿನ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಜ್ಜ ಬೈಯಲಿಲ್ಲ. ಹಿಂದಿನಿಂದ ಬಂದು ಹೆಗಲು ಹಿಡಿದು ದಡಕ್ಕೆ ಕರೆತಂದರು. ಸ್ವಲ್ಪ ಹೊತ್ತು ಕೂರಿಸಿಕೊಂಡು, “ಇನ್ನೊಂದ್ಸಲ ಹೋಗಣ ಬಾ ಮಗಾ” ಎಂದರು. ಎರಡನೆಯ ಸಲ ದಾಟಿದೆ. ಈಗ ‘ಶಾಲಾ ಸಂಪರ್ಕ ಸೇತು’ ಯೋಜನೆಯಲ್ಲಿ ಹಲವು ಹಳ್ಳಗಳಿಗೆ ಕಾಂಕ್ರೀಟಿನ ಕಿರುಸೇತುವೆಗಳು ಬಂದಿವೆ. ಬರಲೇಬೇಕಿತ್ತು; ಮಗುವೊಂದು ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋಗಬಾರದು. ಆದರೆ ಆ ದಿನ ದಡದಲ್ಲಿ ಅಜ್ಜ ಕಲಿಸಿದ್ದು ನನ್ನೊಳಗೆ ಉಳಿದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಓಡಾಟಕ್ಕೆ ನನ್ನನ್ನು ಹೊರಡಿಸಿದ್ದೂ ಅದೇ.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಒಮ್ಮೆ ಪೋಲ್ ವಾಲ್ಟ್ ನೋಡುತ್ತಿದ್ದೆ. ಹುಡುಗಿಯೊಬ್ಬಳು ಕೋಲು ಹಿಡಿದು ಚೆನ್ನಾಗಿಯೇ ಓಡಿ ಬಂದಳು. ಕೋಲು ಊರಿ ಮೇಲೇಳಬೇಕಾದ ಕ್ಷಣದಲ್ಲಿ ಮೇಲೇಳದೆ ಹಾಸಿಗೆಯ ಪಕ್ಕದಿಂದ ಓಡಿಹೋದಳು. ಮತ್ತೆ ಬಂದಳು, ಮತ್ತೆ ಹಾಗೆಯೇ. ಬಲ ಕಡಿಮೆಯಾಗಿರಲಿಲ್ಲ, ಓಟ ತಪ್ಪಿರಲಿಲ್ಲ. ಕೋಲು ಊರುವ ಆ ಕ್ಷಣದಲ್ಲಿ ಒಳಗಿನದೊಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕೋಲು ಹಿಡಿಯುವವರ ಲೋಕದಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ನಿಗದಿತ ಸಮಯದೊಳಗೆ ಜಿಗಿಯದಿದ್ದರೆ ಆ ಅವಕಾಶ ಹೋಯಿತು. ಸತತ ಮೂರು ಯತ್ನ ವಿಫಲವಾದರೆ ಸ್ಪರ್ಧೆಯಿಂದಲೇ ಹೊರಗೆ.

ಅಂದು ಅವಳ ಮುಖ ನೋಡಿದಾಗ ಮರ ಹತ್ತಿ ಕೊನೆ ಇಳಿಸುವ ನಮ್ಮ ಊರಿನ ಕೊನೆಗಾರರ ನೆನಪಾಯಿತು.

ಕೊಪ್ಪ: ಮರ ಬಾಗುತ್ತದೆ, ನಂಬಬೇಕು

ತೋಟದಲ್ಲಿ ಕೊನೆಗಾರರಿಬ್ಬರು ಮೇಲಿದ್ದರು. ಹಿರಿಯವರ ಕೆಲಸ ನೋಡುತ್ತ ನಿಂತೆ. ಪಾದಗಳಿಗೆ ತಳೆ ಎಂಬ ಕುಣಿಕೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಮರ ತಬ್ಬಿ, ಮೈಯನ್ನು ಮುದುಡಿ ಹಿಗ್ಗಿಸುತ್ತ ಏರುತ್ತಾರೆ. ಸೊಂಟದಲ್ಲಿ ಕತ್ತಿ, ಬೆನ್ನಿಗೆ ಹಗ್ಗ. ಐವತ್ತು ಅಡಿ ಮೇಲೆ ಹೋದ ಮೇಲೆ ಕೂರಲು ಒಂದು ಸಣ್ಣ ಹಲಗೆ ಕಟ್ಟಿಕೊಳ್ಳುತ್ತಾರೆ. ಕೊನೆ ಕಡಿದು ಹಗ್ಗಕ್ಕೆ ಹಾಕಿದರೆ ಅದು ಜರ್ರನೆ ಜಾರಿ ಕೆಳಗೆ ಹಗ್ಗ ಹಿಡಿದು ನಿಂತವನ ಬಳಿಗೆ ಬರುತ್ತದೆ. ಅಡಿಕೆ ಚೆದುರುವುದಿಲ್ಲ, ಕೊನೆ ನೆಲಕ್ಕೆ ಅಪ್ಪಳಿಸುವುದಿಲ್ಲ.

ಆಮೇಲಿನದೇ ನೋಡಬೇಕಾದದ್ದು. ಕೆಳಗಿಳಿಯದೆ, ದೋಟಿ ಎಂಬ ಕೋಲಿನ ಕೊಕ್ಕೆಯಿಂದ ಪಕ್ಕದ ಮರವನ್ನು ಎಳೆದುಕೊಳ್ಳುತ್ತಾರೆ. ತಾವು ಕೂತ ಮರವೂ ಬಾಗುತ್ತದೆ, ಎಳೆದ ಮರವೂ ಬಾಗುತ್ತದೆ. ಎರಡೂ ಹತ್ತಿರವಾದ ಒಂದು ಗಳಿಗೆಯಲ್ಲಿ ಮೈ ಇಲ್ಲಿಂದ ಅಲ್ಲಿಗೆ ದಾಟುತ್ತದೆ. ಬಿಟ್ಟ ಮರ ನೆಟ್ಟಗಾಗಿ ತೂಗಾಡುತ್ತದೆ, ಹಿಡಿದ ಮರ ಭಾರ ಹೊತ್ತು ತೂಗುತ್ತದೆ. ಹೀಗೆ ನೆಲ ಮುಟ್ಟದೆ ಮರದಿಂದ ಮರಕ್ಕೆ ಹೋಗುತ್ತಾರೆ.

ಇದನ್ನು ನೋಡಿದವರಿಗೆ ಪೋಲ್ ವಾಲ್ಟ್ ಬೇರೆ ಕಲಿಸಬೇಕಾಗಿಲ್ಲ. ಅಲ್ಲಿಯೂ ಓಟದ ಬಲವೆಲ್ಲ ಕೋಲಿಗೆ ಹೋಗಿ ಕೋಲು ಬಿಲ್ಲಿನಂತೆ ಬಾಗುತ್ತದೆ, ನೆಟ್ಟಗಾಗುವಾಗ ಮನುಷ್ಯನನ್ನು ಮೇಲಕ್ಕೆ ಎಸೆಯುತ್ತದೆ. ಹೊಸಬರಿಗೆ ಹೆದರಿಕೆಯಾಗುವುದು ಎತ್ತರಕ್ಕಿಂತ ಹೆಚ್ಚಾಗಿ ಈ ಬಾಗುವಿಕೆಗೆ. ಬಾಗುವುದು ಮುರಿಯುವುದಕ್ಕಲ್ಲ ಎಂದು ಬುದ್ಧಿಗೆ ಗೊತ್ತಿರುತ್ತದೆ; ಕೈಗೆ ಗೊತ್ತಿರುವುದಿಲ್ಲ. ಎತ್ತರದ ಲೆಕ್ಕವನ್ನೂ ಹೇಳುತ್ತೇನೆ. ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.30 ಮೀಟರ್ ದಾಟಿ ವಿಶ್ವದಾಖಲೆ ಬರೆದರು. ಅಂದರೆ ಇಪ್ಪತ್ತು ಅಡಿಗಿಂತ ಚೂರು ಹೆಚ್ಚು, ಕೆಳಗೆ ದಪ್ಪನೆಯ ಹಾಸಿಗೆ. ಇಲ್ಲಿ ಅದರ ಎರಡೂವರೆ ಪಟ್ಟು ಎತ್ತರ, ಕೆಳಗೆ ಬಸಿಗಾಲುವೆ.

ಎರಡನೆಯವನು ಇಪ್ಪತ್ತರ ಹುಡುಗ. ಅರ್ಧ ಮರಕ್ಕೆ ಹೋಗಿ ನಿಂತುಬಿಟ್ಟ. ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಮರ ಹಿಡಿದಿದ್ದ. ಹಿಂದಿನ ವಾರ ಇದೇ ಸಾಲಿನಲ್ಲಿ ಹತ್ತಿದ್ದನಂತೆ, ಒಮ್ಮೆ ತಳೆ ಜಾರಿತಂತೆ. ಬೀಳಲಿಲ್ಲ, ಗಾಯವಾಗಲಿಲ್ಲ. ಆದರೂ ಜಾರಿದ ಆ ಒಂದು ಗಳಿಗೆ ಮೈಯಲ್ಲಿ ಕೂತುಬಿಟ್ಟಿತ್ತು. ಹಗ್ಗ ಹಿಡಿದವನು ಏನೋ ಕೂಗಲು ಬಾಯಿ ತೆರೆದ. ಮೇಲಿದ್ದ ಹಿರಿಯರು ಅವನನ್ನು ತಡೆದು ಹುಡುಗನಿಗೆ ಹೇಳಿದ್ದು ಇಷ್ಟೇ: “ಇಳಿ ಮಾರಾಯ. ಹೋಗಿ ಆ ಗಿಡ್ಡ ಮರ ಹತ್ತು.”

ಹುಡುಗ ಇಳಿದ. ಯಾರೂ ನಗಲಿಲ್ಲ. ಹತ್ತು ಹನ್ನೆರಡು ಅಡಿಯ ಎಳೆಯ ಮರವೊಂದನ್ನು ಹತ್ತಿ ಇಳಿದ. ಮತ್ತೊಮ್ಮೆ ಹತ್ತಿ ಇಳಿದ. ಆಮೇಲೆ ಅದಕ್ಕಿಂತ ಎತ್ತರದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಮತ್ತೆ ದೊಡ್ಡ ಸಾಲಿನಲ್ಲಿದ್ದ.

ಊಟಕ್ಕೆ ಕೂತಾಗ ಹಿರಿಯರನ್ನು ಕೇಳಿದೆ, ಹೊಸಬರಿಗೆ ಮೊದಲು ಏನು ಕಲಿಸುತ್ತೀರಿ ಎಂದು. “ಇಳಿಯೋದು” ಎಂದರು. “ಹತ್ತೋದು ಯಾರಿಗಾದ್ರೂ ಬರ್ತದೆ ಮಾರಾಯ್ರೆ. ಇಳಿಯೋಕೆ ಬರ್ತದೆ ಅಂತ ಗೊತ್ತಿದ್ರೆ ಮಾತ್ರ ಹೆದರಿಕೆ ಹೋಗೋದು.”

ಕ್ರೀಡಾ ತರಬೇತುದಾರರು ಮಾಡುವುದೂ ಇದನ್ನೇ. ಕೋಲು ಊರಲಾಗದೆ ಓಡಿಹೋಗುವ ಆಟಗಾರನಿಗೆ ‘ಧೈರ್ಯ ಮಾಡು’ ಎಂದು ಕೂಗುವುದಿಲ್ಲ. ಇಪ್ಪತ್ತು ಹೆಜ್ಜೆಯ ಓಟವನ್ನು ಆರು ಹೆಜ್ಜೆಗೆ ಇಳಿಸುತ್ತಾರೆ. ಕೋಲಿನ ಮೇಲಿನ ಹಿಡಿತವನ್ನು ಕೆಳಕ್ಕೆ ತರುತ್ತಾರೆ. ಸುಲಭವಾಗಿ ಬಾಗುವ ಮೆದುವಾದ ಕೋಲು ಕೊಡುತ್ತಾರೆ. ಅಡ್ಡಪಟ್ಟಿಯನ್ನು ತೆಗೆದು ರಬ್ಬರ್ ದಾರ ಕಟ್ಟುತ್ತಾರೆ. ಎತ್ತರ ದಾಟುವುದನ್ನು ಕೆಲವು ದಿನ ಮರೆತು, ಕೋಲು ಊರಿ ಹಾಸಿಗೆಗೆ ಬೀಳುವುದನ್ನಷ್ಟೇ ಮಾಡಿಸುತ್ತಾರೆ. ಸುರಕ್ಷಿತವಾಗಿ ಕೆಳಗೆ ಬರುತ್ತೇನೆ ಎಂಬ ನಂಬಿಕೆ ಮೈಗೆ ಬಂದ ಮೇಲೆ ಓಟ ಒಂದೊಂದೇ ಹೆಜ್ಜೆ ಉದ್ದವಾಗುತ್ತದೆ. ಗಿಡ್ಡ ಮರದಿಂದ ದೊಡ್ಡ ಮರಕ್ಕೆ ಹೋಗುವ ದಾರಿಯೂ ಇದೇ ತಾನೆ?

ಶೃಂಗೇರಿ: ಮಳೆಯಲ್ಲಿ ಹತ್ತುವವರು

ಹರಿಹರಪುರದಿಂದ ಮುಂದೆ ಹಲವು ಕಡೆ ತುಂಗೆ ರಸ್ತೆಯ ಜೊತೆಗೇ ಬರುತ್ತದೆ. ಶೃಂಗೇರಿಯಲ್ಲಿ ಯಾತ್ರಿಕರು ಮೀನುಗಳಿಗೆ ಮಂಡಕ್ಕಿ ಹಾಕುತ್ತ ನಿಂತಿದ್ದರು. ವಿದ್ಯಾಶಂಕರ ದೇಗುಲದ ಕಲ್ಲುಗಳು ಮಧ್ಯಾಹ್ನದ ಬಿಸಿಲಿಗೆ ಬಿಸಿಯಾಗಿದ್ದವು. ನಾನು ಹುಡುಕಿಕೊಂಡು ಬಂದದ್ದು ಊರಿನ ಹಿಂದೆ, ಕಿಗ್ಗದ ಹಾದಿಯ ತೋಟಗಳನ್ನು.

ಕಿಗ್ಗದ ಋಷ್ಯಶೃಂಗೇಶ್ವರ ಮಳೆಯ ದೇವರು. ಮಳೆ ಬಾರದಿದ್ದರೂ ಇಲ್ಲಿಗೇ ಬರುತ್ತಾರೆ, ಮಳೆ ಬಿಡದಿದ್ದರೂ ಇಲ್ಲಿಗೇ ಬರುತ್ತಾರೆ. ಅಡಿಕೆ ಬೆಳೆಗಾರರ ಬೇಡಿಕೆ ಹೆಚ್ಚಾಗಿ ಎರಡನೆಯದು. ಆಷಾಢದಲ್ಲಿ ಎರಡು ದಿನ ಹೊಳವಾದರೆ ಸಾಕು, ಕೊಳೆರೋಗದ ಔಷಧಿ ಹೊಡೆದುಕೊಳ್ಳುತ್ತೇವೆ ಎಂದು.

ಈ ಔಷಧಿಗೆ ನೂರು ವರ್ಷ ದಾಟಿದ ಚರಿತ್ರೆಯಿದೆ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಗೊನೆಗಳಿಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಇಲ್ಲಿ ಮನೆಮನೆಗೂ ಬಾಯಿಪಾಠ. ಔಷಧಿಯಿಂದ ಬೆಳೆ ಉಳಿಯಿತು. ಆದರೆ ನೆನೆದ ಮರವನ್ನು ಮಳೆಗಾಲದ ನಡುವೆಯೇ ಹತ್ತಬೇಕಾಯಿತು.

ಮಳೆಗಾಲದ ಅಡಿಕೆ ಮರಕ್ಕೆ ಪಾಚಿ ಹಿಡಿದಿರುತ್ತದೆ. ಕೈಗೆ ಹಸಿರು ಲೋಳೆ ಅಂಟುತ್ತದೆ. ಅಂಥ ಮರ ಹತ್ತುವವರೊಬ್ಬರು ತಮ್ಮ ಕ್ರಮ ಹೇಳಿದರು. ಬೆಳಗ್ಗೆ ಎದ್ದೊಡನೆ ಹತ್ತುವುದಿಲ್ಲ, ಮೈ ಬಿಸಿಯಾಗಬೇಕು. ತಳೆಯನ್ನು ದಿನವೂ ಕೈಯಾರೆ ಎಳೆದು ನೋಡುತ್ತಾರೆ. ಪ್ರತಿ ಮರವನ್ನೂ ಹತ್ತುವ ಮುಂಚೆ ಅಂಗೈಯಿಂದ ಎರಡು ಸಲ ತಟ್ಟುತ್ತಾರೆ. ಆಮೇಲೆ ತಲೆ ಎತ್ತಿ ತುದಿಯನ್ನು ಒಮ್ಮೆ ನೋಡಿ ಕಾಲಿಡುತ್ತಾರೆ. ಒಂದು ದಿನವೂ ಈ ಕ್ರಮ ತಪ್ಪಿಸಿಲ್ಲವಂತೆ. ತಟ್ಟುವುದು ಯಾಕೆ ಎಂದು ಕೇಳಿದೆ. ಒಳಗೆ ಟೊಳ್ಳಾಗಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ, ಮತ್ತು ತಟ್ಟಿದ ಮೇಲೆ ಮನಸ್ಸು ನಿಲ್ಲುತ್ತದೆ ಎಂದರು.

ಎರಡನೆಯ ಮಾತನ್ನು ಬರೆದುಕೊಂಡೆ. ದೊಡ್ಡ ಜಿಗಿತಗಾರರೂ ಓಡುವ ಮುಂಚೆ ಇಂಥದ್ದೇ ಏನಾದರೊಂದು ಮಾಡುತ್ತಾರೆ. ಕೈಗೆ ಪುಡಿ ಹಚ್ಚುವುದು, ಕೋಲನ್ನು ಒಮ್ಮೆ ಎತ್ತಿ ಇಳಿಸುವುದು, ಒಂದು ಉಸಿರು, ಒಂದು ಮಾತು. ‘ಬಿದ್ದರೆ?’ ಎಂಬ ಪ್ರಶ್ನೆ ಏಳುವ ಜಾಗವನ್ನು ಅಭ್ಯಾಸದ ಕೆಲಸವೊಂದು ತುಂಬಿಬಿಡುತ್ತದೆ. ಬೀಳಬಾರದು ಎಂದು ಯೋಚಿಸಿದರೆ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಬೀಳುವುದೇ. ಮುಂದಿನ ಹಿಡಿತ ಎಲ್ಲಿ ಎಂದು ಯೋಚಿಸಿದರೆ ನಿಲ್ಲುವುದು ಆ ಹಿಡಿತ.

ಆದರೆ ಈ ಊರಿನ ತೋಟಗಳಲ್ಲಿ ಬೇರೊಂದು ಭಯವೂ ಇದೆ, ಅದನ್ನು ಓಡಿಸಬಾರದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳು ಹಳದಿ ಎಲೆ ರೋಗದಿಂದ ನಲುಗಿದ ಸೀಮೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಸೋಗೆ ಹಳದಿಯಾಗುತ್ತದೆ, ತಲೆ ಸಣ್ಣದಾಗುತ್ತದೆ, ಕಾಂಡದ ತುದಿ ಸೊರಗುತ್ತದೆ, ಅಡಿಕೆಯ ತಿರುಳು ಕಪ್ಪಾಗುತ್ತದೆ. ಈಚೆಗೆ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಸಂಜೆ ನಡೆದ ತೋಟವೊಂದರಲ್ಲಿ ಹಳದಿ ತಲೆಗಳ ನಡುವೆ ಖಾಲಿ ಆಕಾಶ ಕಾಣುತ್ತಿತ್ತು. ಇಂಥ ಮರದ ಬುಡಕ್ಕೆ ಬಂದು ಕೊನೆಗಾರ ‘ಇದನ್ನು ಹತ್ತುವುದಿಲ್ಲ’ ಎಂದರೆ ಅದು ಹೇಡಿತನವಲ್ಲ. ಅವನ ಮೈ ಸರಿಯಾಗಿಯೇ ಓದಿದೆ.

ಭಯದಲ್ಲಿ ಹೀಗೆ ಎರಡು ಬಗೆ. ಒಂದು ಹಳೆಯ ಗಾಯದ ನೆನಪು. ಅದು ಗಟ್ಟಿ ಮರದ ಮೇಲೂ ಕೈ ಬಿಗಿಸುತ್ತದೆ. ಇನ್ನೊಂದು ಈ ಗಳಿಗೆಯ ಎಚ್ಚರ. ಅದು ಟೊಳ್ಳು ಮರದಿಂದ ದೂರ ನಿಲ್ಲಿಸುತ್ತದೆ. ಮೊದಲನೆಯದಕ್ಕೆ ಗಿಡ್ಡ ಮರ ಮದ್ದು. ಎರಡನೆಯದಕ್ಕೆ ಮದ್ದು ಬೇಡ, ಮರ್ಯಾದೆ ಕೊಡಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದೆ ಎಂದು ತಂಡದ ಫೈನಲ್‌ನಿಂದ ಹಿಂದೆ ಸರಿದರು. ಎಷ್ಟೋ ಮಂದಿ ಹಳಿದರು. ಆಕೆ ಸಣ್ಣದರಿಂದ ಮತ್ತೆ ಶುರುಮಾಡಿ 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಅಂದು ಇಳಿದದ್ದರಿಂದಲೇ ಮುಂದೆ ಹತ್ತಲು ಸಾಧ್ಯವಾಯಿತು.

ರಾತ್ರಿ ಉಳಿದ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಒಲೆಯ ಮೇಲೆ ಅಡಿಕೆ ಬೇಯುವ ಹಂಡೆಯಿಂದ ಚೊಗರಿನ ಘಾಟು ಬರುತ್ತಿತ್ತು. ಸುಲಿಯುವವರ ಮಾತು ಮರದಿಂದ ಬಿದ್ದವರ ಕಡೆಗೆ ಹೊರಳಿತು. ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇದ್ದಾರೆ; ಸೊಂಟ ಮುರಿದು ಜಗಲಿಯಲ್ಲೇ ಉಳಿದವರು. ಅವರ ಹೆಸರು ಬಂದಾಗ ಕತ್ತಿಗಳ ಸದ್ದು ಸ್ವಲ್ಪ ಹೊತ್ತು ನಿಂತಿತು.

ನರಸಿಂಹರಾಜಪುರ: ಕೋಲು ಬದಲಾಯಿತು

ಮರುದಿನ ಜಯಪುರದ ಮೇಲೆ ಹಾದು ಬಾಳೆಹೊನ್ನೂರಿಗೆ ಬಂದೆ. ತುಂಗೆಯ ಸೀಮೆ ಮುಗಿದು ಭದ್ರೆಯ ಸೀಮೆ ಶುರು. ರಂಭಾಪುರಿ ಪೀಠದ ಊರು. ಪಕ್ಕದಲ್ಲೇ 1925ರಿಂದ ಕೆಲಸ ಮಾಡುತ್ತಿರುವ ಕಾಫಿ ಸಂಶೋಧನಾ ಕೇಂದ್ರ. ಅಲ್ಲಿಂದ ನರಸಿಂಹರಾಜಪುರ. ಹಿರಿಯರ ಬಾಯಲ್ಲಿ ಇದು ಇನ್ನೂ ಎಡೇಹಳ್ಳಿ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಬಂದು ಈ ತಾಲ್ಲೂಕಿನ ಎಷ್ಟೋ ಗದ್ದೆ ತೋಟ ಹಿನ್ನೀರಿನ ಪಾಲಾದವು. ಉಳಿದ ಗುಡ್ಡಗಳಲ್ಲಿ ರಬ್ಬರ್, ಕಣಿವೆಗಳಲ್ಲಿ ಅಡಿಕೆ.

ಇಲ್ಲಿನ ತೋಟವೊಂದರಲ್ಲಿ ಯಾರೂ ಮರದ ಮೇಲಿರಲಿಲ್ಲ. ಯುವಕನೊಬ್ಬ ನೆಲದಲ್ಲೇ ನಿಂತು ಕಪ್ಪು ಕೋಲೊಂದನ್ನು ತುಂಡು ತುಂಡಾಗಿ ಮೇಲಕ್ಕೆ ಎಳೆದು ಉದ್ದ ಮಾಡುತ್ತಿದ್ದ. ಕಾರ್ಬನ್ ಫೈಬರ್ ದೋಟಿ. ಅರವತ್ತು ಅಡಿಗೆ ಎತ್ತಿದರೂ ಒಬ್ಬನೇ ಹಿಡಿಯಬಲ್ಲಷ್ಟು ಹಗುರ. ತುದಿಯ ಕತ್ತಿ ಕೊನೆಯ ಬುಡಕ್ಕೆ ಸಿಕ್ಕಿ ಒಂದು ಜಗ್ಗಿಗೆ ಕೊನೆ ಕಳಚಿತು. ಕೆಳಗಿದ್ದವರು ಹಿಡಿದ ಟಾರ್ಪಾಲಿಗೆ ಧೊಪ್ಪನೆ ಬಿತ್ತು. ಔಷಧಿಯ ಪೈಪನ್ನೂ ಇದೇ ದೋಟಿಗೆ ಕಟ್ಟಿ ನೆಲದಿಂದಲೇ ಹೊಡೆಯುತ್ತಾರೆ.

ದೋಟಿಯ ಕಥೆ ಪೋಲ್ ವಾಲ್ಟ್ ಕೋಲಿನ ಕಥೆಯೂ ಹೌದು. ಅಮೆರಿಕದ ಕಾರ್ನೆಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ದಾಟಿದ್ದು ಬಿದಿರಿನ ಕೋಲಿನಿಂದ. ಆಮೇಲೆ ಲೋಹದ ಕೋಲು ಬಂತು, 1960ರ ದಶಕದಲ್ಲಿ ಗಾಜಿನ ನಾರಿನದು ನೆಲೆಯೂರಿತು, ಈಗ ಅದರ ಜೊತೆ ಕಾರ್ಬನ್ ನಾರು ಸೇರಿದೆ. ನಮ್ಮ ದೋಟಿಯೂ ಬಿದಿರಿನಿಂದ ಅಲ್ಯೂಮಿನಿಯಂಗೆ, ಅಲ್ಲಿಂದ ಕಾರ್ಬನ್ ಫೈಬರಿಗೆ ಬಂದಿದೆ. ಜಿಗಿತಗಾರ ಆ ಕೋಲಿನಿಂದ ಮೇಲಕ್ಕೆ ಹೋದ. ನಮ್ಮ ಕೊನೆಗಾರ ಅದರಿಂದ ನೆಲಕ್ಕೆ ಇಳಿದ. ಎರಡೂ ಗೆಲುವೇ.

ಹೊಸ ಕೋಲಿಗೆ ಹೊಸ ಹೆದರಿಕೆಗಳೂ ಇವೆ. ತುದಿ ಓಲಾಡುವಾಗ ಕಲಿಯದ ಕೈ ನಡುಗುತ್ತದೆ. ಕೊನೆ ನೇರ ತಲೆಯ ಮೇಲೆ ಬರುವಂತೆ ಕಾಣುತ್ತದೆ. ಇವು ದಿನಗಳೆದಂತೆ ಹೋಗುವ ಹೆದರಿಕೆಗಳು. ಹೋಗಬಾರದ ಹೆದರಿಕೆ ಒಂದಿದೆ: ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಹಾದುಹೋದ ತಂತಿಗೆ ದೋಟಿ ತಾಗಿದರೆ ಹಿಡಿದವನು ಉಳಿಯುವುದಿಲ್ಲ. ಆ ಯುವಕ ತಂತಿಯ ಸಾಲಿನ ಮರಗಳನ್ನು ಪೂರ್ತಿ ಬಿಟ್ಟು ಕೆಲಸ ಮಾಡುತ್ತಿದ್ದ.

ಅವನು ಮೊದಲು ಮರ ಹತ್ತುತ್ತಿದ್ದವನು. ಜೊತೆಗಾರನೊಬ್ಬ ಬಿದ್ದ ಮೇಲೆ ಹತ್ತಲಾಗಲಿಲ್ಲ. ಎರಡು ವರ್ಷ ಊರು ಬಿಟ್ಟಿದ್ದ. ದೋಟಿ ಹಿಡಿದ ಮೇಲೆ ತೋಟಕ್ಕೆ ಮರಳಿದ. “ಮರ ಕಂಡ್ರೆ ಈಗ ಹೊಟ್ಟೇಲಿ ಏನೂ ಆಗಲ್ಲ” ಎಂದ. ಹೇಳುವಾಗ ಮುಖದಲ್ಲಿ ನಾಚಿಕೆಯಿರಲಿಲ್ಲ. ಇರಬೇಕಾಗಿಯೂ ಇಲ್ಲ. ಉಕ್ರೇನಿನ ಸೆರ್ಗೈ ಬುಬ್ಕಾ ಮೂವತ್ತೈದು ಸಲ ವಿಶ್ವದಾಖಲೆ ಮಾಡಿದವರು, ಆರು ಮೀಟರ್ ದಾಟಿದ ಮೊದಲಿಗರು. ಅಂಥವರೇ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಎತ್ತರವನ್ನೂ ದಾಟಲಾಗದೆ ಹೊರಬಿದ್ದರು. ಮರುವರ್ಷ ಮತ್ತೆ ವಿಶ್ವ ಚಾಂಪಿಯನ್ ಆದರು. ಒಂದು ದಿನದ ಸೋಲು ಕೈಯ ಕಸುಬನ್ನು ಅಳೆಯುವುದಿಲ್ಲ.

ದಡದಲ್ಲಿ ನಿಂತವರಿಗೆ

ಮರ ಏರುವವರು ಕಡಿಮೆಯಾಗುತ್ತಿದ್ದಾರೆ ಎಂಬ ಅಳಲು ಮೂರೂ ಊರುಗಳಲ್ಲಿ ಕೇಳಿದೆ. ಅಳಲು ನಿಜ, ಆದರೆ ಪರಿಹಾರಗಳೂ ನಮ್ಮ ನಾಡಿನಲ್ಲೇ ಹುಟ್ಟುತ್ತಿವೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ತೆಂಗು ಅಭಿವೃದ್ಧಿ ಮಂಡಳಿ ತೆಂಗಿನ ಮರ ಏರುವವರಿಗೆ ತರಬೇತಿ ಕೊಡುತ್ತದೆ, ‘ಕೇರ ಸುರಕ್ಷಾ’ ವಿಮೆ ಮಾಡಿಸುತ್ತದೆ. ಅಡಿಕೆ ಮರ ಏರುವ ಪ್ರತಿಯೊಬ್ಬನಿಗೂ ಸೊಂಟಪಟ್ಟಿ, ವಿಮೆ, ದೋಟಿಯ ತರಬೇತಿ ಸಿಗಬೇಕು. ಹಿಡಿದು ನಿಲ್ಲಿಸುವ ಪಟ್ಟಿ ಸೊಂಟದಲ್ಲಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಅದು ಕೊನೆಗಾರ ಬೇಡಿ ಪಡೆಯಬೇಕಾದದ್ದಲ್ಲ. ತೋಟದವರು ಮೊದಲೇ ತಂದಿಡಬೇಕಾದದ್ದು.

ಇನ್ನೊಂದು ಮಾತು ಶಾಲೆಗಳ ದೈಹಿಕ ಶಿಕ್ಷಕರಿಗೆ. ಡುಪ್ಲಾಂಟಿಸ್ ಕೋಲು ಹಿಡಿಯಲು ಕಲಿತದ್ದು ಅಮೆರಿಕದ ಲೂಸಿಯಾನಾದಲ್ಲಿ, ಮನೆಯ ಹಿತ್ತಲಿನಲ್ಲಿ, ಅಪ್ಪ ಹಾಕಿಕೊಟ್ಟ ಹಾಸಿಗೆಯ ಮೇಲೆ, ಪುಟ್ಟ ಮಗುವಾಗಿದ್ದಾಗ. ಬಾಗುವ ಕೋಲಿನ ಮೇಲೆ ನಂಬಿಕೆ ಅಷ್ಟು ಎಳೆಯ ವಯಸ್ಸಿನಲ್ಲೇ ಮೈಗೆ ಬಂತು. ನಮ್ಮ ಮಲೆನಾಡಿನ ಮಕ್ಕಳ ಹಿತ್ತಲಲ್ಲಿ ಬಾಗುವ ಮರಗಳೇ ಇವೆ. ಸಂಕ ದಾಟಿದ ಕಾಲು, ಪೇರಲೆ ಮರ ಹತ್ತಿದ ಕೈ ಅವರದು. ಅವರಿಗೊಂದು ಮರಳಿನ ಗುಳಿ, ಒಂದು ಕೋಲು, ಗಿಡ್ಡ ಎತ್ತರದಿಂದ ಶುರುಮಾಡಿಸುವ ಒಬ್ಬ ಗುರು ಸಿಕ್ಕರೆ ಏನಾಗಬಹುದು ಎಂದು ಯೋಚಿಸಿ.

ಹಿಂದಿರುಗುವ ದಾರಿಯಲ್ಲಿ ಕೊಪ್ಪದ ಆ ತೋಟದ ಬಳಿ ಮತ್ತೆ ಇಳಿದೆ. ಹುಡುಗ ಎತ್ತರದ ಸಾಲಿನಲ್ಲೇ ಇದ್ದ, ಹಿರಿಯರು ಕೆಳಗೆ ಹಗ್ಗ ಹಿಡಿದಿದ್ದರು.

ನಿಮ್ಮ ತೋಟದಲ್ಲಿ, ನಿಮ್ಮ ಮೈದಾನದಲ್ಲಿ, ನಿಮ್ಮ ಮನೆಯಲ್ಲಿ ಯಾರಾದರೂ ನಡುಮರದಲ್ಲಿ ನಿಂತುಬಿಟ್ಟರೆ ಮೇಲಕ್ಕೆ ದೂಡಬೇಡಿ, ನಗಬೇಡಿ. ಕೆಳಗೆ ಕರೆಯಿರಿ. ಪಕ್ಕದ ಗಿಡ್ಡ ಮರ ತೋರಿಸಿ. ಅವರು ಮತ್ತೆ ಹತ್ತುವವರೆಗೆ ಹಗ್ಗ ಹಿಡಿದು ನಿಂತಿರಿ.